ಹೋಗದ ನೆಂಟ: ದಾವಣಗೆರೆಯ ಮನೆಯೊಳಗೊಂದು ಥ್ರಿಲ್ಲರ್ ಬರೆಯುವುದು ಹೇಗೆ?

ನಾಲ್ಕು ಗೋಡೆಗಳ ಒಳಗೇ ನಡೆಯುವ ಥ್ರಿಲ್ಲರ್ ಬರೆಯಬೇಕು ಅನ್ನುವವರಿಗೆ ನೆಂಟನಿಗಿಂತ ಒಳ್ಳೆಯ ಪಾತ್ರ ಸಿಗುವುದು ಕಷ್ಟ. ಕಳ್ಳ ಬಂದರೆ ಕೂಗಬಹುದು. ಸಾಲ ಕೊಟ್ಟವನು ಬಂದರೆ ಒಳಗಿಂದ ಚಿಲಕ ಹಾಕಬಹುದು. ನೆಂಟ ಬಂದರೆ ನಾವೇ ಬಾಗಿಲು ತೆಗೆದು, ಕಾಲಿಗೆ ನೀರು ಕೊಟ್ಟು, "ಬರ್ರಿ, ಕೂತ್ಕೊಳ್ರಿ, ಊಟ ಮಾಡ್ರಿ" ಅನ್ನುತ್ತೇವೆ. ಬಂದವರಿಗೆ ಅನ್ನ ಹಾಕುವ ದಾಸೋಹದ ಪದ್ಧತಿ ನಮ್ಮ ಕಡೆ ಮಠಗಳಲ್ಲಷ್ಟೇ ಅಲ್ಲ, ಮನೆಮನೆಯಲ್ಲೂ ಇದೆ. "ಯಾವಾಗ ಹೋಗ್ತೀರಿ?" ಅಂತ ಕೇಳುವುದು ನಮ್ಮಲ್ಲಿ ದೊಡ್ಡ ಅವಮಾನ. ಈ ಕಥೆಗೆ ಬೇಕಾದ ಭಯವೆಲ್ಲ ಆ ಒಂದು ಪ್ರಶ್ನೆ ಬಾಯಿಗೆ ಬರದೇ ಇರುವುದರಲ್ಲಿದೆ.

ಹಾಗಾಗಿ ಇಡೀ ಮಾರ್ಗದರ್ಶಿಯನ್ನು ಒಂದು ನಿಯಮದ ಮೇಲೆ ಕಟ್ಟಿದ್ದೇನೆ. ನೆಂಟ ಏನನ್ನೂ ಕಿತ್ತುಕೊಳ್ಳಬಾರದು. ಮನೆಯವರೇ ಒಂದೊಂದಾಗಿ ಕೊಡಬೇಕು. ಕೊಟ್ಟಾಗಲೆಲ್ಲ ಓದುಗನಿಗೆ "ನಾನಾಗಿದ್ದರೂ ಕೊಡ್ತಿದ್ದೆ" ಅನ್ನಿಸಬೇಕು. ಹಾಗೆ ಅನ್ನಿಸಿದರೆ ಕಥೆ ಓದುಗನ ಮನೆಯಲ್ಲೇ ನಡೆಯುತ್ತಿರುತ್ತದೆ.

ಮೊದಲ ಹಂತ: ಬರುವುದಕ್ಕೊಂದು ಗಟ್ಟಿ ಕಾರಣ

ಸುಮ್ನೆ "ನೋಡಿಕೊಂಡು ಹೋಗೋಣ ಅಂತ ಬಂದೆ" ಅಂದರೆ ಸಾಲದು. ಮನೆಯವರು ಪ್ರಶ್ನೆ ಮಾಡಲಾಗದ ಕಾರಣ ಬೇಕು. ಅದಕ್ಕೊಂದು ಮುಗಿಯುವ ದಿನವೂ ಇರಬೇಕು. ಆ ದಿನ ಮುಂದೆ ಹೋಗುತ್ತಾ ಇರಬೇಕು.

ದಾವಣಗೆರೆಗೆ ಹೇಳಿ ಮಾಡಿಸಿದ ಕಾರಣ ಆಸ್ಪತ್ರೆ. 1965ರಲ್ಲೇ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದ ಊರು ಇದು. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯವರು ತೋರಿಸಿಕೊಳ್ಳುವುದಕ್ಕೆ ಇಲ್ಲಿಗೇ ಬರುತ್ತಾರೆ. ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದು ಬಾಗಿಲಲ್ಲಿ ನಿಂತವನಿಗೆ "ಜಾಗ ಇಲ್ಲ" ಅನ್ನುವವರು ಯಾರು? ಮೂರು ದಿನ ಅಂದವನು "ಇನ್ನೊಂದು ರಿಪೋರ್ಟ್ ಬರಬೇಕು" ಅನ್ನುತ್ತಾನೆ. ಆಮೇಲೆ "ಡಾಕ್ಟ್ರು ಸೋಮವಾರ ಬಾ ಅಂದಾರೆ" ಅನ್ನುತ್ತಾನೆ. ಎಲ್ಲವೂ ನಂಬುವಂಥದ್ದೇ. ಕಥೆಯ ಅರ್ಧ ದಾಟಿದ ಮೇಲೆ ಮನೆಯವರು ಆ ಕವರ್ ತೆಗೆದು ನೋಡಲಿ. ಎಕ್ಸ್‌ರೇ ಮೇಲೆ ಬೇರೆಯವರ ಹೆಸರಿರಲಿ. ಆದರೆ ಈ ತಿರುವನ್ನು ಮೊದಲ ಮೂರು ಅಧ್ಯಾಯಗಳಲ್ಲಿ ಖರ್ಚು ಮಾಡಬೇಡಿ.

ಮಕ್ಕಳ ಕಾಲೇಜು ಅಡ್ಮಿಷನ್, ಅಡಿಕೆ ಮಾರಾಟ, ಸೈಟಿನ ರಿಜಿಸ್ಟ್ರೇಷನ್ ಕೂಡ ನಡೆಯುತ್ತವೆ. ಆದರೆ ಕಾಯಿಲೆಗೆ ಇರುವ ಬಲ ಅವುಗಳಿಗಿಲ್ಲ.

ಎರಡನೇ ಹಂತ: ಮನೆಯ ನಕ್ಷೆ ಬರೆಯಿರಿ

ಒಂದು ಸಾಲು ಬರೆಯುವ ಮೊದಲು ಕಾಗದದ ಮೇಲೆ ಮನೆ ಎಳೆಯಿರಿ. ಮೂವತ್ತು–ನಲವತ್ತರ ಸೈಟಿನ ಮನೆ ಸಾಕು. ಬಂಗಲೆ ಬೇಡ. ದೊಡ್ಡ ಮನೆಯಲ್ಲಿ ನೆಂಟ ಕಳೆದುಹೋಗುತ್ತಾನೆ, ಸಣ್ಣ ಮನೆಯಲ್ಲಿ ಎದುರಾಗುತ್ತಲೇ ಇರುತ್ತಾನೆ. ಒಂದೇ ಬಚ್ಚಲುಮನೆ ಇರಲಿ. ದೇವರ ಮನೆ ಅಡುಗೆಮನೆಗೆ ಅಂಟಿಕೊಂಡಿರಲಿ. ಸಂಪಿನ ಮುಚ್ಚಳ ಎಲ್ಲಿದೆ, ಮೋಟಾರಿನ ಸ್ವಿಚ್ ಎಲ್ಲಿದೆ, ರಾತ್ರಿ ಯಾವ ಬಾಗಿಲು ಕಿರ್ ಅನ್ನುತ್ತದೆ, ಎಲ್ಲ ಗುರುತು ಮಾಡಿ.

ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್, ನಿಟುವಳ್ಳಿಯಂಥ ಬಡಾವಣೆಗಳಲ್ಲಿ ಹೊರಗಡೆ ಮೆಟ್ಟಿಲಿದ್ದು ಮೇಲೊಂದು ಒಂಟಿ ರೂಮಿರುವ ಮನೆ ಹುಡುಕಿದರೆ ಸಿಗುತ್ತದೆ. ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟು, ಈಗ ಖಾಲಿ ಬಿದ್ದಿರುವ ರೂಮು ಅನ್ನಿ. ನೆಂಟನನ್ನು ಅಲ್ಲಿಡಿ. ಹೊರಗಿನ ಮೆಟ್ಟಿಲು ಅಂದರೆ ಅವನು ಯಾವಾಗ ಬಂದ, ಯಾವಾಗ ಹೋದ, ಒಬ್ಬನೇ ಬಂದನಾ ಅನ್ನುವುದು ಕೆಳಗಿನವರಿಗೆ ಗೊತ್ತಾಗುವುದಿಲ್ಲ. ಇದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ದುಗ್ಗಮ್ಮನ ಗುಡಿ ಸುತ್ತಲಿನ ಹಳೇ ದಾವಣಗೆರೆಯ ಓಣಿ ಆರಿಸಿಕೊಂಡರೆ ಲೆಕ್ಕ ಬೇರೆ. ಅಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ, ಪಕ್ಕದ ಮನೆಯವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಗುಟ್ಟು ಉಳಿಯುವುದಿಲ್ಲ, ಆದರೆ ಮಾನಕ್ಕೆ ಅಂಜುವುದು ಹೆಚ್ಚಾಗುತ್ತದೆ. ಚಿತ್ರದುರ್ಗದಲ್ಲಿ ಕಥೆ ಇಡುವುದಾದರೆ ಕೋಟೆಯ ಬುಡದ ಓಣಿ ಚೆನ್ನಾಗಿರುತ್ತದೆ. ಬಂಡೆ ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುತ್ತದೆ, ಯಾರಿಗೂ ನಿದ್ದೆ ಬರುವುದಿಲ್ಲ, ಮಾಳಿಗೆ ಮೇಲೆ ಯಾರೋ ಓಡಾಡುವುದು ಕೇಳುತ್ತದೆ. ಓಬವ್ವನ ಕಿಂಡಿಯನ್ನು ಮಾತ್ರ ಕಥೆಗೆ ರೂಪಕ ಮಾಡಬೇಡಿ. ಒನಕೆ ಕಂಡ ಕೂಡಲೇ ಓದುಗ ಕೊನೆಯನ್ನು ಊಹಿಸಿಬಿಡುತ್ತಾನೆ.

ಮೂರನೇ ಹಂತ: ಕೊಟ್ಟದ್ದರ ಪಟ್ಟಿ

ಕಥೆಯ ಬೆನ್ನೆಲುಬು ಇದೇ. ಮನೆಯವರು ನೆಂಟನಿಗೆ ಏನೇನು ಕೊಡುತ್ತಾ ಹೋಗುತ್ತಾರೆ ಅಂತ ಪಟ್ಟಿ ಮಾಡಿ. ಸಣ್ಣದರಿಂದ ಶುರು ಮಾಡಿ. ಟವೆಲ್. ಫೋನಿನ ಚಾರ್ಜರ್. ವೈಫೈ ಪಾಸ್‌ವರ್ಡ್. ಸ್ಕೂಟರ್ ಕೀಲಿ. ಮಗಳನ್ನು ಟ್ಯೂಷನ್ನಿಗೆ ಬಿಟ್ಟುಬರುವ ಕೆಲಸ. ಅಜ್ಜಿಯ ಮಾತ್ರೆ ಡಬ್ಬಿ. ಮುಂಬಾಗಿಲಿನ ಎರಡನೇ ಕೀಲಿ. ಎ.ಟಿ.ಎಂ. ಕಾರ್ಡು, "ಸ್ವಲ್ಪ ದುಡ್ಡು ತೆಗೆದುಕೊಂಡು ಬಾರಪ್ಪ" ಅನ್ನುವ ಮಾತಿನ ಜೊತೆ.

ಪ್ರತಿಯೊಂದಕ್ಕೂ ಒಂದು ಉಪಕಾರ ಜೋಡಿಸಿ. ನೆಂಟ ಕೇಳಬಾರದು. ಅವನು ಒಂದು ಕೆಲಸ ಮಾಡಿಕೊಡುತ್ತಾನೆ, ಆ ಕೆಲಸ ಸಲೀಸಾಗಲಿ ಅಂತ ಮನೆಯವರೇ ಒಂದು ವಸ್ತು ಕೊಡುತ್ತಾರೆ. ಸಿಲಿಂಡರ್ ತರಲು ಹೋದವನಿಗೆ ಗ್ಯಾಸಿನ ಪುಸ್ತಕ ಕೊಡುತ್ತಾರೆ. ನಲ್ಲಿ ನೀರು ಬರುವ ದಿನ ಬೆಳಗಿನ ಜಾವ ಎದ್ದು ಸಂಪು ತುಂಬಿಸುವವನಿಗೆ ಗೇಟಿನ ಕೀಲಿ ಕೊಡದೆ ಇರಲಾಗುತ್ತದಾ? ಬೇಸಿಗೆಯಲ್ಲಿ ಸಂಪು ನೋಡಿಕೊಳ್ಳುವವನು ಮನೆಗೆ ದೇವರ ಸಮಾನ.

ಪಟ್ಟಿಯ ಕೊನೆಗೆ, ಎಲ್ಲಕ್ಕಿಂತ ದೊಡ್ಡದಾಗಿ, ಮನೆಯ ವಿಳಾಸ ಇಡಿ. 2023ರ ಜನವರಿಯಿಂದ ಆಧಾರ್‌ನಲ್ಲಿ ಒಂದು ಅನುಕೂಲ ಬಂದಿದೆ. ವಿಳಾಸದ ದಾಖಲೆ ಇಲ್ಲದ ಸಂಬಂಧಿಕರು ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ವಿಳಾಸ ಬದಲಿಸಿಕೊಳ್ಳಬಹುದು. ಕೋರಿಕೆ ಬಂದ ಮೇಲೆ ಮುಖ್ಯಸ್ಥರು 30 ದಿನದೊಳಗೆ ಒಪ್ಪಬೇಕು ಅಥವಾ ಬೇಡ ಅನ್ನಬೇಕು. ಕಷ್ಟದಲ್ಲಿರುವವರಿಗೆ ನಿಜವಾಗಿಯೂ ಒಳ್ಳೆಯ ವ್ಯವಸ್ಥೆ. ಥ್ರಿಲ್ಲರ್ ಬರೆಯುವವರಿಗೆ ಇದು ತಿಂಗಳಿನ ಗಡುವು ಕೊಡುತ್ತದೆ. "ಆಸ್ಪತ್ರೆ ಕಾರ್ಡಿಗೆ ಇಲ್ಲಿನ ವಿಳಾಸ ಬೇಕಂತೆ ಅಣ್ಣ, ನಿಮ್ಮ ಫೋನಿಗೊಂದು ಓಟಿಪಿ ಬರ್ತತಿ" ಅಂದರೆ ಮುಗಿಯಿತು. ಗಂಡ ಊಟದ ನಡುವೆ, ಎಡಗೈಯಲ್ಲಿ ಫೋನ್ ಹಿಡಿದು, ಓಟಿಪಿ ಓದಿ ಹೇಳುತ್ತಾನೆ. ಈ ದೃಶ್ಯಕ್ಕೆ ಹಿನ್ನೆಲೆ ಸಂಗೀತದಂಥ ವಾಕ್ಯ ಒಂದೂ ಬೇಡ. ಸಾರು ಬಡಿಸುವ ಮಾತಿನ ನಡುವೆ ಓಟಿಪಿ ಹೋಗಿಬಿಡಲಿ.

"ಉಂಡ ಮನೆಯ ಜಂತೆ ಎಣಿಸೋದು" ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಎಣಿಕೆಯನ್ನು ನೆಂಟ ಪುಟಪುಟದಲ್ಲೂ ಮಾಡುತ್ತಿರಬೇಕು. ಓದುಗನಿಗೆ ಕಾಣಬೇಕು, ಮನೆಯವರಿಗೆ ಕಾಣಬಾರದು.

ನಾಲ್ಕನೇ ಹಂತ: ಕರೆಂಟ್ ಬಿಲ್ಲು ಪತ್ತೆದಾರನಾಗಲಿ

ಮನೆಯೊಳಗಿನ ಥ್ರಿಲ್ಲರಿಗೆ ಪತ್ತೆದಾರ ಬೇಕಿಲ್ಲ, ಲೆಕ್ಕದ ಪುಸ್ತಕ ಸಾಕು. ಹಾಲಿನ ಲೆಕ್ಕ, ಸಿಲಿಂಡರ್ ಎಷ್ಟು ದಿನ ಬಂತು ಅನ್ನುವ ಲೆಕ್ಕ, ಅಕ್ಕಿ ಡಬ್ಬದಲ್ಲಿ ಉಳಿದ ಪಾವು, ಇವು ಯಾವತ್ತೂ ಸುಳ್ಳು ಹೇಳುವುದಿಲ್ಲ. 14.2 ಕೆ.ಜಿ. ಸಿಲಿಂಡರ್ ಒಂದೂವರೆ ತಿಂಗಳು ಬರುತ್ತಿದ್ದ ಮನೆಯಲ್ಲಿ ತಿಂಗಳಿಗೇ ಮುಗಿದರೆ ಮನೆಯೊಡತಿಗೆ ಗೊತ್ತಾಗದೇ ಇರುತ್ತದಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು ಬೆಸ್ಕಾಂ ಬಿಲ್ಲು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿಯವು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತದೆ. ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ ಉಚಿತದ ಮಿತಿ ಹಾಕಿದ್ದಾರೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳುಗಟ್ಟಲೆ ಸೊನ್ನೆ ನೋಡಿ ಅಭ್ಯಾಸವಾದ ಮನೆಗೆ ಒಂದು ದಿನ ದುಡ್ಡಿನ ಬಿಲ್ಲು ಬರುತ್ತದೆ. ಗಂಡ ಮೀಟರ್ ಓದುವವನ ಮೇಲೆ ರೇಗುತ್ತಾನೆ. ಹೆಂಡತಿ ರಾತ್ರಿ ಕೂತು ಲೆಕ್ಕ ಹಾಕುತ್ತಾಳೆ.

ಈ ಲೆಕ್ಕವನ್ನು ಪುಟದ ಮೇಲೆ ಬಿಡಿಸಿ ತೋರಿಸಿ. ಎರಡು ಸಾವಿರ ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಜಾಸ್ತಿ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಸರಿ, ನೆಂಟನ ಸ್ನಾನ. 75 ವ್ಯಾಟಿನ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 0.6 ಯೂನಿಟ್, ತಿಂಗಳಿಗೆ 18. ಸರಿ, ಅದೂ ಅವನದೇ. ಎರಡೂ ಸೇರಿ 48. ಆದರೆ ಬಿಲ್ಲಿನಲ್ಲಿ ಜಾಸ್ತಿಯಾಗಿರುವುದು 78. ಉಳಿದ 30 ಯೂನಿಟ್ ಎಲ್ಲಿ ಹೋಯಿತು? ದಿನಕ್ಕೊಂದು ಯೂನಿಟ್. ಸಾವಿರ ವ್ಯಾಟಿನ ಕಾಯಿಲ್ ಒಲೆ ದಿನಾ ಒಂದು ಗಂಟೆ ಉರಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ನೆಂಟ ಮೂರು ಹೊತ್ತೂ ಕೆಳಗೇ ಉಣ್ಣುತ್ತಾನೆ. ಹಾಗಾದರೆ ಮೇಲಿನ ರೂಮಿನಲ್ಲಿ ಅಡುಗೆ ಯಾರಿಗೆ?

ಹೊರಗಿನ ಮೆಟ್ಟಿಲು ಇಟ್ಟದ್ದು ಇದಕ್ಕೇ. ಚಾಕು ಇಲ್ಲ, ರಕ್ತ ಇಲ್ಲ, ಬರೀ ಕೂಡುವ ಕಳೆಯುವ ಲೆಕ್ಕದಲ್ಲಿ ಮನೆಯೊಳಗೆ ಇನ್ನೊಬ್ಬರಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಐದನೇ ಹಂತ: ಮೊದಲು ಅನುಮಾನ ಯಾರಿಗೆ?

ಯಾರ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೋ ಅವರಿಗೆ. ಮರೆವಿನ ಅಜ್ಜಿ, ಆರು ವರ್ಷದ ಮಗು, ಪಾತ್ರೆ ತೊಳೆಯಲು ಬರುವಾಕೆ. ಅಜ್ಜಿ "ಮೇಲೆ ಹೆಂಗಸು ಕೆಮ್ಮಿದಳು" ಅನ್ನುತ್ತಾಳೆ. "ಅಜ್ಜಿಗೆ ಹಂಗೆ ಕೇಳಿಸ್ತತಿ ಬಿಡ್ರಿ" ಅಂತ ನೆಂಟನೇ ಸಮಾಧಾನ ಮಾಡುತ್ತಾನೆ. ಅಜ್ಜಿಯ ಮಾತ್ರೆ ಡಬ್ಬಿ ಯಾರ ಕೈಯಲ್ಲಿದೆ ಅನ್ನುವುದು ಓದುಗನಿಗೆ ಆಗ ನೆನಪಾಗಬೇಕು. ನೀವು ನೆನಪಿಸಬೇಡಿ.

ಆರನೇ ಹಂತ: ಮಾತು

ನಮ್ಮ ಕಡೆಯ ಮಾತಿನಲ್ಲಿ ಮರ್ಯಾದೆ ತುಂಬಾ. "ಬರ್ರಿ", "ಹೋಗ್ರಿ", "ಬಿಡ್ರಿ" ಅನ್ನುತ್ತಲೇ ಮನುಷ್ಯ ಇಡೀ ಮನೆಯನ್ನು ಕೈಗೆ ತೆಗೆದುಕೊಳ್ಳಬಹುದು. ನೆಂಟ ಒಮ್ಮೆಯೂ ದನಿ ಏರಿಸಬಾರದು. ಒಂದು ಮಾದರಿ ನೋಡಿ. ನೆಂಟ ಮಹೇಶ, ಗಂಡ ಬಸವರಾಜ, ಹೆಂಡತಿ ಸುಮಾ ಅಂತಿಟ್ಟುಕೊಳ್ಳೋಣ.

ಬೆಳಿಗ್ಗೆ ಆರೂವರೆ. ಸುಮಾ ಅಡುಗೆಮನೆಗೆ ಬಂದಾಗ ಹಾಲು ಆಗಲೇ ಕಾದಿತ್ತು.

"ನೀವ್ಯಾಕೆ ಎದ್ರಿ ಅತ್ತಿಗೆ? ಇನ್ನೊಂದ್ ಸ್ವಲ್ಪ ಮಲಗಬೇಕಿತ್ತು. ಹಾಲಿನವನು ಬಂದು ಹೋದ."

"ದುಡ್ಡು..."

"ಕೊಟ್ಟೀನಿ ಬಿಡ್ರಿ. ನಾಳೆಯಿಂದ ಅರ್ಧ ಲೀಟರ್ ಜಾಸ್ತಿ ಹಾಕು ಅಂದೀನಿ."

ಸುಮಾ ಲೋಟಕ್ಕೆ ಕೈ ಚಾಚಿದಳು. ಅಲ್ಲಿ ಲೋಟ ಇರಲಿಲ್ಲ, ಉಪ್ಪಿನ ಭರಣಿ ಇತ್ತು.

"ಈ ಕಡೆ ಇಟ್ಟೀನಿ ನೋಡ್ರಿ. ಕೈಗೆ ಸಲೀಸಾಗಿ ಸಿಗ್ಲಿ ಅಂತ."

"ಹೌದಾ. ಒಳ್ಳೇದಾಯ್ತು" ಅಂದಳು ಸುಮಾ.

ಇಲ್ಲಿ ಬೆದರಿಕೆಯ ಒಂದು ಪದವೂ ಇಲ್ಲ. ಆದರೆ ಹಾಲಿನ ಲೆಕ್ಕ ಅವನ ಕೈಗೆ ಹೋಯಿತು, ಅಡುಗೆಮನೆಯ ಜೋಡಣೆ ಹೋಯಿತು. ಅರ್ಧ ಲೀಟರ್ ಜಾಸ್ತಿ ಯಾರಿಗೆ ಅನ್ನುವ ಪ್ರಶ್ನೆಯೂ ಉಳಿಯಿತು. ಸುಮಾಳ "ಒಳ್ಳೇದಾಯ್ತು" ಪಟ್ಟಿಗೆ ಸೇರಿದ ಇನ್ನೊಂದು ಒಪ್ಪಿಗೆ. ಈ ದೃಶ್ಯದ ಕೊನೆಗೆ "ಅವಳಿಗೆ ಯಾಕೋ ಎದೆ ಝಲ್ಲೆಂದಿತು" ಅಂತ ಸೇರಿಸಬೇಡಿ. ಝಲ್ಲೆನ್ನಬೇಕಾದದ್ದು ಓದುಗನಿಗೆ.

ಕರೆಯುವ ರೀತಿಯನ್ನೂ ನಿಧಾನಕ್ಕೆ ಬದಲಿಸಿ. ಮೊದಲು ಬಸವರಾಜನಿಗೆ "ಅಣ್ಣಾರೆ", ಆಮೇಲೆ "ಅಣ್ಣ", ಕೊನೆಗೆ ಬೇರೆಯವರ ಮುಂದೆ "ನಮ್ಮ ಬಸಣ್ಣ". ಮಗಳು ಅವನನ್ನು "ಅಂಕಲ್" ಬಿಟ್ಟು "ಚಿಕ್ಕಪ್ಪ" ಅನ್ನಲು ಶುರು ಮಾಡಿದ್ದು ಯಾವತ್ತಿನಿಂದ ಅನ್ನುವುದು ಅಪ್ಪ ಅಮ್ಮನಿಗೆ ಗೊತ್ತೇ ಇರಬಾರದು.

ಏಳನೇ ಹಂತ: ಪೊಲೀಸರನ್ನು ಯಾಕೆ ಕರೆಯುವುದಿಲ್ಲ?

ಓದುಗ ಇದನ್ನು ಕೇಳಿಯೇ ಕೇಳುತ್ತಾನೆ. ಉತ್ತರ ಇಲ್ಲದಿದ್ದರೆ ಕಥೆ ಅಲ್ಲೇ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಿ. ಒಪ್ಪಿಗೆಯಿಂದಲೇ ಒಳಗೆ ಬಂದವನು ಕೂಡ, ಹೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಅಕ್ರಮವಾಗಿ ಅಲ್ಲೇ ಉಳಿದರೆ ಅದು ಅಪರಾಧ. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ. ಅದಕ್ಕೂ ಮುಂಚೆ ಐಪಿಸಿಯ 441 ಇತ್ತು. ನಿಮ್ಮ ಕಥೆ ನಡೆಯುವುದು ಯಾವ ವರ್ಷ ಅಂತ ನೋಡಿಕೊಂಡು ಬರೆಯಿರಿ. ಇಡೀ ಕಲಂ ನಿಂತಿರುವುದು ಉದ್ದೇಶದ ಮೇಲೆ. ಬೆಳಿಗ್ಗೆ ಎದ್ದು ಹಾಲು ಕಾಯಿಸುವವನ ಉದ್ದೇಶ ಕೆಟ್ಟದ್ದು ಅಂತ ಸುಮಾ ಠಾಣೆಯಲ್ಲಿ ಹೇಗೆ ತೋರಿಸುತ್ತಾಳೆ? ಅವಳು ಹೇಳುವುದೆಲ್ಲ ಉಪಕಾರದ ಪಟ್ಟಿಯ ಹಾಗೆ ಕೇಳಿಸುತ್ತದೆ. "ಮನೆ ವಿಷಯ, ಕೂತು ಮಾತಾಡಿಕೊಳ್ಳಿ" ಅಂತ ಕಳಿಸಿಬಿಡುತ್ತಾರೆ.

ಇನ್ನೊಂದು ಮಾತು ಜನರ ಬಾಯಲ್ಲಿ ಓಡಾಡುತ್ತದೆ: 12 ವರ್ಷ ಇದ್ದರೆ ಮನೆ ಅವನದೇ. ಇದು ತಪ್ಪು. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಮಾತು ಇರುವುದು ನಿಜ, ಆದರೆ ಒಡೆಯನ ಹಕ್ಕನ್ನು ಧಿಕ್ಕರಿಸಿ ಬಹಿರಂಗವಾಗಿ ಹಿಡಿದುಕೊಂಡ ಜಾಗಕ್ಕೆ ಅದು ಅನ್ವಯಿಸುತ್ತದೆ. ಒಪ್ಪಿಗೆ ಮೇಲೆ ಇದ್ದವನಿಗೆ ಎಷ್ಟು ವರ್ಷವಾದರೂ ಹಾಗೆ ಹಕ್ಕು ಬರುವುದಿಲ್ಲ. ವಿಳಾಸ ಬದಲಿಸಿದ ಆಧಾರ್ ಕೂಡ ಮನೆಯ ಒಡೆತನಕ್ಕೆ ಸಾಕ್ಷಿಯಲ್ಲ. ನಿಮ್ಮ ಪಾತ್ರಗಳು ಇದನ್ನೆಲ್ಲ ತಪ್ಪಾಗಿ ನಂಬಲಿ, ಹೆದರಲಿ. ನಿರೂಪಣೆ ಮಾತ್ರ ತಪ್ಪು ಹೇಳಬಾರದು.

ಠಾಣೆಗಿಂತ ದೊಡ್ಡ ಅಡ್ಡಿ ನೆಂಟರಿಷ್ಟರು. ಸುಮಾ ಊರಲ್ಲಿರುವ ಗಂಡನ ಸೋದರತ್ತೆಗೆ ಫೋನ್ ಮಾಡಿದರೆ "ಹುಷಾರಿಲ್ಲದೋನಿಗೆ ಎರಡು ತುತ್ತು ಹಾಕೋಕೆ ಆಗಲ್ವಾ ನಿಂಗೆ?" ಅನ್ನುವ ಉತ್ತರ ಬರುತ್ತದೆ. ಮಹೇಶ ಅವರಿಗೆ ಮೊದಲೇ ಫೋನ್ ಮಾಡಿ ಸುಮಾಳನ್ನು ಹೊಗಳಿರುತ್ತಾನೆ.

ಎಂಟನೇ ಹಂತ: ಅವನಿಗೆ ಬೇಕಾದದ್ದು ಏನು?

ಹುಚ್ಚ ಅಂತ ಮಾಡಿ ಕೈತೊಳೆದುಕೊಳ್ಳಬೇಡಿ. ಅವನ ಕಡೆಯೂ ಒಂದು ನ್ಯಾಯ ಇರಲಿ. ಈ ಊರೇ ಅದನ್ನು ಕೊಡುತ್ತದೆ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ದಾವಣಗೆರೆ. ಮಿಲ್ಲುಗಳು ಮುಚ್ಚಿದಾಗ ಎಷ್ಟೋ ಸಂಸಾರ ಬೀದಿಗೆ ಬಿದ್ದವು. ಬಸವರಾಜನ ಅಪ್ಪ, ಮಹೇಶನ ಅಪ್ಪ ಒಂದೇ ಮಿಲ್ಲಿನಲ್ಲಿ ಕೆಲಸ ಮಾಡಿದವರು ಅನ್ನಿ. ಇಬ್ಬರೂ ದುಡ್ಡು ಹಾಕಿ ಒಂದು ಸೈಟು ಕೊಂಡರು. ಕಾಗದ ಒಬ್ಬರ ಹೆಸರಲ್ಲಿ ಆಯಿತು. ಇನ್ನೊಬ್ಬರು ಊರು ಬಿಟ್ಟು ಹೋದರು. ಈಗ ಮೇಲಿನ ರೂಮಿನಲ್ಲಿ ಕೆಮ್ಮುತ್ತಿರುವ ಹೆಂಗಸು ಮಹೇಶನ ತಾಯಿ. ಆ ಎಕ್ಸ್‌ರೇ ಅವಳದೇ. ಗಂಡ ಕಟ್ಟಬೇಕೆಂದಿದ್ದ ಮನೆಯಲ್ಲಿ ಸಾಯಬೇಕು ಅನ್ನುವುದು ಅವಳ ಆಸೆ.

ಇಷ್ಟು ಗೊತ್ತಾದ ಮೇಲೆ ಓದುಗನ ಮನಸ್ಸು ಎರಡು ಕಡೆ ಎಳೆಯುತ್ತದೆ. ಅವನು ಮಾಡುತ್ತಿರುವುದು ತಪ್ಪೇ. ಆದರೆ ಅವನಿಗೆ ಆದದ್ದೂ ತಪ್ಪೇ. ಅಜ್ಜಿಗೆ ಈ ಹಳೆಯ ಕಥೆ ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ ಅನ್ನುವುದನ್ನು ಇಲ್ಲೇ ಹೊರಗೆ ತನ್ನಿ.

ಒಂಬತ್ತನೇ ಹಂತ: ಎಲ್ಲರೂ ಬರುವ ದಿನ

ದೊಡ್ಡ ದೃಶ್ಯವನ್ನು ದುಗ್ಗಮ್ಮನ ಜಾತ್ರೆಯಲ್ಲಿ ಇಡಿ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಹಳ್ಳಿಗಳಿಂದ ಬೀಗರು, ಅಕ್ಕತಂಗಿಯರು, ಅವರ ಮಕ್ಕಳು ಬಂದು ಊರೇ ತುಂಬಿಹೋಗುತ್ತದೆ. ಕೂರಲು ಚಾಪೆ ಸಾಲುವುದಿಲ್ಲ, ಊಟದ ಪಂಕ್ತಿ ಮುಗಿಯುವುದಿಲ್ಲ.

ಸುಮಾ ಕಾಯುತ್ತಿದ್ದದ್ದು ಇದೇ ದಿನಕ್ಕೆ. ಎಲ್ಲರ ಮುಂದೆ ಕೇಳಿಬಿಡಬೇಕು. ಆದರೆ ಅವಳು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತು "ಬರ್ರಿ ಬರ್ರಿ, ಒಳಗ್ ಬರ್ರಿ" ಅನ್ನುತ್ತಿರುವವನು ಮಹೇಶ. ಹೆಗಲ ಮೇಲೆ ಬಸವರಾಜನ ಟವೆಲ್. ಬಂದವರು ಸುಮಾಳನ್ನು ನೋಡಿ "ನೀವೂ ಈಗ ಬಂದ್ರಾ?" ಅನ್ನುತ್ತಾರೆ. ಈ ದೃಶ್ಯಕ್ಕೆ ಇಡೀ ಅಧ್ಯಾಯ ಕೊಡಿ, ಅವಸರ ಬೇಡ. ಎಲೆ ಹಾಕುವುದು, ನೀರು ಬಡಿಸುವುದು, ಮಕ್ಕಳ ಗಲಾಟೆ, ಎಲ್ಲದರ ನಡುವೆ ಇಬ್ಬರ ನಡುವಿನ ಹೋರಾಟ ನಡೆಯಲಿ. ಮೇಲಿನ ರೂಮಿನ ಬಾಗಿಲು ತೆರೆಯುವುದೂ ಅವತ್ತೇ. ತೆರೆಯುವವಳು ಸುಮಾ ಆಗಿರಲಿ.

ಹತ್ತನೇ ಹಂತ: ಮುಗಿಸುವುದು, ತಿದ್ದುವುದು

ಕೊಲೆಯಿಂದ ಮುಗಿಸಲೇಬೇಕು ಅಂತೇನಿಲ್ಲ. ನನ್ನ ಒಲವು ಬೇರೆ: ಆ ತಾಯಿಯನ್ನು ನೋಡಿದ ಮೇಲೆ "ಹೊರಗೆ ಹೋಗಿ" ಅನ್ನಬೇಕಾದವಳು ಸುಮಾ, ಅನ್ನದೇ ಇರುವ ಆಯ್ಕೆಯೂ ಅವಳದೇ. ಮೊದಲ ಬಾರಿಗೆ ಅವಳು ತಿಳಿದು ಕೊಡುತ್ತಾಳೆ ಅಥವಾ ತಿಳಿದು ನಿರಾಕರಿಸುತ್ತಾಳೆ. ಎರಡರಲ್ಲಿ ಯಾವುದಾದರೂ ಅದರ ಬೆಲೆ ಅವಳೇ ತೆರಬೇಕು. ಪೊಲೀಸ್ ಜೀಪು ಬಂದು ಎಲ್ಲ ಬಗೆಹರಿಸುವ ಕೊನೆ ಬೇಡ.

ಮೂವತ್ತು ಸಾವಿರ ಪದಗಳ ಒಳಗೆ ಇದು ಚೊಕ್ಕವಾಗಿ ನಿಲ್ಲುತ್ತದೆ. ಮೊದಲ ಪ್ರತಿ ಮುಗಿದ ಮೇಲೆ ಮೂರನೇ ಹಂತದ ಪಟ್ಟಿ ಎದುರಿಗಿಟ್ಟುಕೊಂಡು ಓದಿ. ಯಾವ ಒಪ್ಪಿಗೆ ಯಾವ ಪುಟದಲ್ಲಿದೆ ಅಂತ ಬರೆಯಿರಿ. ನೆಂಟ ತಾನಾಗಿ ಕಿತ್ತುಕೊಂಡ ಜಾಗ ಸಿಕ್ಕರೆ ಆ ದೃಶ್ಯ ತಿರುಗಿಸಿ ಬರೆಯಿರಿ. ಭಯವನ್ನು ವಿವರಿಸುವ ವಾಕ್ಯಗಳಿಗೆಲ್ಲ ಗೆರೆ ಎಳೆಯಿರಿ. ಯೂನಿಟ್ ಲೆಕ್ಕ, ಆಧಾರ್ ಗಡುವು, ಜಾತ್ರೆಯ ದಿನ, ಈ ಮೂರನ್ನೂ ಒಂದೇ ಕ್ಯಾಲೆಂಡರಿನ ಮೇಲೆ ಗುರುತು ಮಾಡಿ ತಾಳೆ ನೋಡಿ. ಬಿಲ್ಲು ಬರುವ ಮೊದಲೇ ಸುಮಾ ಲೆಕ್ಕ ಹಾಕಿಬಿಟ್ಟಿರುತ್ತಾಳೆ, ಇಂಥ ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಮಾತುಗಳನ್ನಷ್ಟೇ ಬೇರೆ ತೆಗೆದು, ಇದೇ ಊರಲ್ಲಿ ಹುಟ್ಟಿ ಬೆಳೆದ ಯಾರಾದರೂ ಹಿರಿಯ ಹೆಂಗಸಿನ ಕೈಯಲ್ಲಿ ಜೋರಾಗಿ ಓದಿಸಿ. ಎಲ್ಲಿ ಅವರ ನಾಲಿಗೆ ತಡವರಿಸುತ್ತದೋ ಅಲ್ಲಿ ಅವರು ಹೇಳಿದ ಹಾಗೆ ತಿದ್ದಿ.